ಸಂಜೆ ಏಳರ ವಿಡಿಯೋ ಕಾಲ್

ಮೇಟಗಳ್ಳಿ, ಮೈಸೂರು
ಭಾನುವಾರ, ೭ ಡಿಸೆಂಬರ್ ೨೦೨೫

ನಮ್ಮ ಪ್ರಜ್ಞಾಳ ಅಪ್ಪನವರಿಗೆ ನಿಮ್ಮ ಯಶೋಧಾ ಮಾಡುವ ಜೈ ಭೀಮ್.

ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ಭುಸಾವಳದಲ್ಲಿ ಚಳಿ ಜೋರಾಗಿದೆ ಅಂತ ಟಿವಿಯಲ್ಲಿ ನೋಡಿದೆ. ಅತ್ತೆ ಕಟ್ಟಿಕೊಟ್ಟ ಕಂಬಳಿಯನ್ನು ಹೊದ್ದುಕೊಳ್ಳಿ, ಹೊಸದು ಹಳೆಯದಾಗುತ್ತದೆ ಅಂತ ಪೆಟ್ಟಿಗೆಯಲ್ಲಿಟ್ಟು ಕಾಯಬೇಡಿ.

ಗುರುವಾರದಿಂದ ನಿಮ್ಮ ಫೋನ್ ಎತ್ತದೇ ಇರುವುದಕ್ಕೆ ಕ್ಷಮಿಸಿ. ಕ್ಷಮಿಸಿ ಅಂತ ಬರೆದೆ ನಿಜ, ಆದರೆ ಇವತ್ತು ಸಂಜೆಯೂ ಎತ್ತುವುದಿಲ್ಲ. ಚಾರ್ಜ್ ಇರಲಿಲ್ಲ, ನೆಟ್‌ವರ್ಕ್ ಇರಲಿಲ್ಲ ಅಂತ ಸುಳ್ಳು ಹೇಳಲಾರೆ. ಸಂಜೆಯಾಗುತ್ತಲೇ ನಾನೇ ಆಫ್ ಮಾಡಿ ಬೀರುವಿನೊಳಗೆ ಇಡುತ್ತಿದ್ದೇನೆ. ಪಕ್ಕದ ಮನೆಯ ಪ್ರಸಾದ್ ಅವರಿಗೆ ನೀವು ಗಾಬರಿಯಿಂದ ಫೋನ್ ಮಾಡಿದಾಗ, "ಎಲ್ಲಾ ಚೆನ್ನಾಗವ್ರೆ ಅಂತ ಹೇಳ್ಬುಡಿ" ಅಂದವಳೂ ನಾನೇ. ಹಗಲು ಹೊತ್ತು ನೀನು ಕಾರ್ಖಾನೆಯಲ್ಲಿದ್ದಾಗ ಮಾತಾಡಬಹುದಿತ್ತಲ್ಲ ಅಂತ ಕೇಳುತ್ತೀರಿ. ಮಾತಾಡಿದರೆ ನೀವು ಮಾತಾಡುತ್ತೀರಿ, ನಾನು ಹ್ಞೂಂ ಅನ್ನುತ್ತೇನೆ. ಕಾಗದದಲ್ಲಿ ನಡುವೆ ಬಾಯಿ ಹಾಕುವುದಕ್ಕೆ ನಿಮಗೆ ದಾರಿಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕೊನೆಯವರೆಗೂ ಓದಿ.

ಟ್ರಾನ್ಸ್‌ಫರ್ ಆರ್ಡರ್‌ನ ಫೋಟೋ ಶುಕ್ರವಾರ ಬಂತು. ನಿಮ್ಮ ಬದಲಿಗೆ ಮೈಸೂರಿನಿಂದ ಅಲ್ಲಿಗೆ ಹೋಗಲು ಒಪ್ಪುವ ಒಬ್ಬ ರೈಲ್ವೆಯವನು ಸಿಗಲಿ ಅಂತ ಎಷ್ಟು ವರ್ಷ ಕಾದೆವು ನಾವು! ಇಪ್ಪತ್ತೆರಡನೇ ತಾರೀಕು ನೀವು ಇಲ್ಲಿ ಬಂದು ಇಳಿಯುತ್ತೀರಿ. ಒಬ್ಬಟ್ಟಿಗೆ ಬೇಳೆ ಬೇಯಿಸಬೇಕಾದ ಹೆಂಗಸು ಜಗಳದ ಕಾಗದ ಬರೆಯುತ್ತಾ ಕೂತಿದ್ದೇನೆ. ಬೇರೆ ದಾರಿ ಕಾಣುತ್ತಿಲ್ಲ. ಆ ದಿನ ಸ್ಟೇಷನ್ನಿನಲ್ಲಿ ನಿಮ್ಮನ್ನು ಕಂಡು ಮಗಳು ನಿಮ್ಮ ಹತ್ತಿರ ಓಡಿ ಬರುತ್ತಾಳೋ, ನನ್ನ ಹಿಂದೆ ಅಡಗುತ್ತಾಳೋ ಅನ್ನುವ ಭಯ ನನಗೆ ಹತ್ತಿದೆ. ಅವಳು ಅಡಗಿದರೆ ನಿಮ್ಮ ಎದೆ ಒಡೆಯುತ್ತದೆ, ಅದೂ ನನಗೆ ಗೊತ್ತು.

ಬುಧವಾರದ ಕಾಲ್ ನೆನಪಿದೆಯಾ? ಯಾವತ್ತಿನಂತೆ ಏಳು ಗಂಟೆಗೆ ಬೇಳೆ ಡಬ್ಬಕ್ಕೆ ಫೋನ್ ಒರಗಿಸಿಟ್ಟೆ. ಅವಳು ಚಾಪೆ ಮೇಲೆ ಕೂತು ಹೋಂವರ್ಕ್ ಪುಟ ತೋರಿಸುತ್ತಿದ್ದಳು. "ಮೇಲಕ್ಕೆ ಹಿಡಿ, ಬೆಳಕಿಗೆ ಹಿಡಿ, ಅಳಿಸು, ಮತ್ತೆ ಬರಿ" ಅಂತ ನೀವು. ನಡುವೆ ನೆಟ್‌ವರ್ಕ್ ಹೋದರೆ ನಿಮ್ಮ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತದೆ. ಮುಂದೆ ಏನು ಬೈಗುಳ ಬರುತ್ತದೋ ಅಂತ ಆ ಮಗು ಪೆನ್ಸಿಲ್ ಹಿಡಿದು ಅದನ್ನೇ ನೋಡುತ್ತಾ ಕೂತಿರುತ್ತದೆ. ನೀವು ಆ ಕಡೆ ಇರುವವರು, ಇದನ್ನು ಕಂಡಿಲ್ಲ. ದಿನಾ ಕಾಣುವವಳು ನಾನು.

ಅವತ್ತು ಕಳೆಯುವ ಲೆಕ್ಕ. ಪುಟದ ಅಂಚಿನಲ್ಲಿ ಕಡ್ಡಿಗಳ ಚಿತ್ರ ಬರೆದುಕೊಂಡು, ಒಂದು ಕಟ್ಟು ಬಿಚ್ಚಿ ಹತ್ತು ಬಿಡಿ ಮಾಡಿ, ಎಣಿಸುತ್ತಿದ್ದಳು. "ಇದೇನಿದು ಗೀಚಿರೋದು? ಸಾಲ ತಗೊಂಡು ಕಳಿ, ಅಳಿಸು ಅದನ್ನ" ಅಂದಿರಿ. ಅಳಿಸಿದಳು. ನೀವು ಹೇಳಿದ ಹಾಗೆ ಬರಲಿಲ್ಲ. ಮತ್ತೆ ಅಳಿಸಿದಳು, ಮತ್ತೂ ಬರಲಿಲ್ಲ. ಆಗ ನೀವು ಆಡಿದ ಮಾತನ್ನು ನಿಮಗೇ ತಿರುಗಿ ಬರೆಯುವುದಕ್ಕೆ ನನ್ನ ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ. "ಇಷ್ಟೂ ಬರಲ್ವಾ ನಿಂಗೆ? ಓದ್ಬೇಡ ಬುಡು. ನಿಮ್ ತಾತನ್ ತರ ಪೊರಕೆ ಹಿಡ್ಕೊಂಡು ಗುಡ್ಸಕ್ಕೆ ಹೋಗು."

ಮಾವ ಅಲ್ಲೇ ಊಟಕ್ಕೆ ಕೂತಿದ್ದರು. ಫೋನು ಮಗಳ ಕಡೆಗೆ ತಿರುಗಿತ್ತು, ನಿಮಗೆ ಅವರು ಕಾಣಲಿಲ್ಲ. ಲಕ್ಷ್ಮೀಪುರಂ ಬೀದಿಗಳನ್ನೆಲ್ಲ ಬೆಳಕು ಹರಿಯುವ ಮುಂಚೆ ಗುಡಿಸಿ ನಿಮ್ಮನ್ನು ಐಟಿಐ ಓದಿಸಿದವರು, ತಟ್ಟೆಯಲ್ಲಿದ್ದ ಮುದ್ದೆಯನ್ನು ತಲೆ ಎತ್ತದೆ ಮುಗಿಸಿ ಎದ್ದು ಹೋದರು. ಆಡಿದ ಮಾತು, ಒಡೆದ ಮುತ್ತು ಅನ್ನುತ್ತಾರೆ. ಎರಡೂ ವಾಪಸ್ಸು ಬರುವುದಿಲ್ಲ.

ಮಾರನೆಯ ದಿನ ಗುರುವಾರ. ಮಧ್ಯಾಹ್ನ ನಾನಿನ್ನೂ ಕಾರ್ಖಾನೆಯಲ್ಲಿ ಮೆಷಿನ್ ಮುಂದಿದ್ದೆ, ಅತ್ತೆ ಫೋನ್ ಮಾಡಿದರು. ಬರೀ ಅಳುತ್ತಿದ್ದರು. ಸ್ಕೂಲ್ ಆಟೋದ ಬೀರಯ್ಯನೇ ಫೋನ್ ಇಸಿದುಕೊಂಡು ಹೇಳಿದ: "ಮಗ ಆಟೋ ಅತ್ಲಿಲ್ಲ ಕಣವ್ವಾ. ಸ್ಪೆಷಲ್ ಕ್ಲಾಸ್ ಐತೆ, ನಮ್ಮಮ್ಮ ಬಂದು ಕರ್ಕೊಂಡೋಯ್ತಾರೆ ಅಂತ ಏಳ್ತು. ನಾನೂ ದಿಟ ಅಂದ್ಕೊಂಡು ಬಂದ್ಬುಟ್ಟೆ." ಮೂರನೇ ಕ್ಲಾಸಿನ ಮಕ್ಕಳಿಗೆ ಎಲ್ಲಿಯ ಸ್ಪೆಷಲ್ ಕ್ಲಾಸು? ಸೂಪರ್‌ವೈಸರ್ ಏನೋ ಕೂಗುತ್ತಿದ್ದ, ಹಿಂದೆ ತಿರುಗಿಯೂ ನೋಡದೆ ಓಡಿದೆ. ದಾರಿಯಲ್ಲಿ ನನ್ನ ತಲೆಯೊಳಗೆ ಏನೇನು ಬಂತು ಅಂತ ಬರೆಯುವುದಿಲ್ಲ. ಹೆಣ್ಣು ಹೆತ್ತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಕೂಲಿನ ಅಂಗಳ ಖಾಲಿ ಖಾಲಿ. ಮೆಟ್ಟಿಲು ಹತ್ತುವಾಗಲೇ ಗುಡಿಸುವ ಸದ್ದು ಕೇಳಿಸಿತು. ಬಾಗಿಲಲ್ಲಿ ನಿಂತು ನೋಡಿದರೆ, ನಮ್ಮ ಮಗಳು ಯೂನಿಫಾರ್ಮ್ ಮೇಲೆಲ್ಲ ಧೂಳು ಮಾಡಿಕೊಂಡು, ತನ್ನಷ್ಟೇ ಎತ್ತರದ ಕಡ್ಡಿ ಪೊರಕೆ ಹಿಡಿದು ಬೆಂಚುಗಳ ಸಂದಿಯಲ್ಲಿ ಬಗ್ಗಿ ಬಗ್ಗಿ ಗುಡಿಸುತ್ತಿದ್ದಾಳೆ. ಒಬ್ಬಳೇ.

ನನ್ನ ಕಣ್ಣಿಗೆ ಕಂಡದ್ದು ಅವಳಲ್ಲ, ನೀವು. ಮದುವೆಯಾದ ಹೊಸದರಲ್ಲಿ ಹೇಳಿದ್ದಿರಲ್ಲ, ಊರ ಸ್ಕೂಲಿನಲ್ಲಿ ಉಳಿದವರೆಲ್ಲ ಪ್ರಾರ್ಥನೆಗೆ ನಿಂತಿದ್ದರೆ ನೀವೂ ನಿಮ್ಮ ಕೇರಿಯ ಹುಡುಗರೂ ಜಗಲಿ ಗುಡಿಸುತ್ತಿದ್ದದ್ದನ್ನು. ನನಗೆ ಅದೇ ನೆತ್ತಿಗೇರಿತು. ಅಷ್ಟರಲ್ಲಿ ಸ್ಟಾಫ್ ರೂಮಿನ ಕಡೆಯಿಂದ ಅವಳ ಟೀಚರ್ ಸುಚಿತ್ರಾ ಮೇಡಂ ಬ್ಯಾಗ್ ಹಾಕಿಕೊಂಡು ಬರುವುದಕ್ಕೂ ಸರಿಯಾಯಿತು. ಹಿಂದೆ ಮುಂದೆ ನೋಡಲಿಲ್ಲ ನಾನು. "ನಮ್ ಮಗೂನೇ ಬೇಕಿತ್ತಾ ನಿಮ್ಗೆ ಗುಡ್ಸಕ್ಕೆ? ಯಾವ ಕೇರಿಯವ್ರು ಅಂತ ನೋಡ್ಕೊಂಡು ಕೊಟ್ರಾ ಪೊರಕೆನಾ? ಪೊಲೀಸ್ ಸ್ಟೇಷನ್ ಮೆಟ್ಲು ಹತ್ಸ್ತೀನಿ ನಿಮ್ಮನ್ನ!" ಬಾಯಿಗೆ ಬಂದದ್ದೆಲ್ಲ ಅಂದೆ. ಆಯಾ ಓಡಿ ಬಂದರು, ಹೆಡ್ ಮೇಡಂ ಓಡಿ ಬಂದರು. ಸುಚಿತ್ರಾ ಮೇಡಂ ಮುಖ ಬಿಳುಚಿಕೊಂಡು ಹೋಯಿತು. "ಅಯ್ಯೋ ಇಲ್ಲ ಕಣ್ರೀ, ಇವ್ಳು ಇಲ್ಲಿರೋದೇ ನನಗೆ ಗೊತ್ತಿಲ್ಲ" ಅನ್ನುತ್ತಿದ್ದರೂ ನಾನು ಕೇಳಿಸಿಕೊಳ್ಳಲಿಲ್ಲ.

ಆಗ ಮಗಳು ಪೊರಕೆ ಬಿಟ್ಟು ಓಡಿ ಬಂದಳು. ನನ್ನ ಹತ್ತಿರ ಅಲ್ಲ. ಮೇಡಂ ಸೀರೆ ಹಿಡಿದುಕೊಂಡು ಅವರ ಹಿಂದೆ ನಿಂತು ಹೇಳಿದಳು: "ಮೇಡಂ ಹೇಳಿಲ್ಲಮ್ಮ. ಅಪ್ಪ ಹೇಳಿದ್ದು. ನಾನು ಗುಡಿಸ್ತೀನಿ, ಇಲ್ಲೇ ಇರ್ತೀನಿ. ಮನೆಗ್ ಬೇಡ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ಜನರ ಮುಂದೆ ನಿಮ್ಮ ಮಾತನ್ನು ನಾನು ಬಿಡಿಸಿ ಹೇಳಬೇಕಾಯಿತು, ಅವರ ಕೈ ಹಿಡಿದು ಕ್ಷಮೆ ಕೇಳಬೇಕಾಯಿತು. ಬೇರೆಯವರಾಗಿದ್ದರೆ ನನಗೆ ಗೇಟು ತೋರಿಸುತ್ತಿದ್ದರು. ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು, "ಮೊದ್ಲು ಕೂತ್ಕೊಳ್ಳಿ, ನೀರ್ ಕುಡೀರಿ" ಅಂದರು. ಮನೆಗೆ ಹೋಗುವ ವಿದ್ಯಾರಣ್ಯಪುರಂ ಬಸ್ಸು ತಪ್ಪಿಸಿಕೊಂಡು ನನ್ನ ಜೊತೆ ಮಕ್ಕಳ ಬೆಂಚಿನ ಮೇಲೇ ಕೂತರು.

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ನನ್ನದು ಸೇರಿಸಿದೆ ಅಂತ ನೀವು ಅನ್ನಬಾರದು. "ಬೆಳಿಗ್ಗೆ ಬೋರ್ಡ್ ಮುಂದೆ ಕರೆದ್ರೆ ಎಲ್ಲರಿಗಿಂತ ಮೊದ್ಲು ಬರ್ತಾಳೆ. ತಪ್ಪಾದ್ರೆ ನಗ್ತಾಳೆ, ಕಡ್ಡಿ ಎಣಿಸಿ ತಾನೇ ಸರಿ ಮಾಡ್ತಾಳೆ. ಸಂಜೆ ಹೋಂವರ್ಕ್ ಬರ್ಕೊಳ್ಳಿ ಅಂದ್ರೆ ಮಾತ್ರ ಮುಖ ಬಾಡೋಗುತ್ತೆ. ಯಾಕೆ ಅಂತ ನನಗೆ ಗೊತ್ತಾಗ್ತಿರ್ಲಿಲ್ಲ. ನಾನು ಒಂದು ತರ ಹೇಳ್ಕೊಡ್ತೀನಿ, ಅವ್ರಪ್ಪ ಇನ್ನೊಂದು ತರ ಹೇಳ್ತಾರೆ, ಮಗು ಯಾರ ಮಾತು ಕೇಳ್ಬೇಕು ಹೇಳಿ? ಹೋಂವರ್ಕ್ ಕೊಟ್ಟಿರೋದು ಅವಳಿಗೆ ಕಣ್ರೀ, ನಿಮಗಲ್ಲ. ತಪ್ಪು ಮಾಡ್ಲಿ, ಹಂಗೇ ಕಳಿಸಿ. ತಪ್ಪು ನೋಡಿದ್ರೇ ಅಲ್ವಾ ನಾಳೆ ಏನ್ ಹೇಳ್ಕೊಡ್ಬೇಕು ಅಂತ ನನಗೆ ಗೊತ್ತಾಗೋದು? ನೀವೆಲ್ಲಾ ತಿದ್ದಿಸಿ ಕಳಿಸಿದ್ರೆ ಇವಳಿಗೆಲ್ಲಾ ಬರುತ್ತೆ ಅಂತ ನಾನು ಮುಂದಕ್ಕೆ ಹೋಗ್ಬಿಡ್ತೀನಿ."

ಹಾಗಾದರೆ ನಾವೇನು ಮಾಡಬೇಕು ಅಂತ ಕೇಳಿದೆ. ದೊಡ್ಡ ದೊಡ್ಡ ಮಾತೇನೂ ಹೇಳಲಿಲ್ಲ. ಬಂದ ಕೂಡಲೇ ಪುಸ್ತಕ ತೆಗೆಸಬೇಡಿ, ತಿನ್ನಲಿ, ಆಡಲಿ. ಆಮೇಲೆ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂರಲಿ. ಮನೆಯವರೊಬ್ಬರು ಹತ್ತಿರ ಇರಿ, ಪೆನ್ಸಿಲ್ ಮಾತ್ರ ಮುಟ್ಟಬೇಡಿ. ಅರ್ಧ ಗಂಟೆಗೂ ಮುಗಿಯದಿದ್ದರೆ ಮುಚ್ಚಿಡಿ, ಇವತ್ತು ಇಷ್ಟೇ ಆಯಿತು ಅಂತ ಡೈರಿಯಲ್ಲಿ ಬರೆದು ಸೈನ್ ಹಾಕಿ. ಬ್ಯಾಗನ್ನು ಮಲಗುವ ಮುಂಚೆ ಅವಳ ಕೈಯಲ್ಲೇ ಜೋಡಿಸಿ. ಎಷ್ಟು ಮಾರ್ಕ್ಸ್ ಬಂತು ಅನ್ನುವ ಬದಲು ಇವತ್ತು ಏನಾಯಿತು ಅಂತ ಕೇಳಿ. ಅಷ್ಟೇ. ಮೂರು ವರ್ಷದಿಂದ ಸ್ಕೂಲಿಗೆ ಕಳಿಸುತ್ತಿರುವ ನಾವು ಒಂದು ದಿನವೂ ಅವಳನ್ನು ಹಾಗೆ ಕೇಳಿರಲಿಲ್ಲ.

ಶುಕ್ರವಾರ ಹಾಗೇ ಮಾಡಿದೆವು. ಅತ್ತೆ ಸೊಪ್ಪು ಬಿಡಿಸುತ್ತಾ ಕೂತರು, ಪಕ್ಕದಲ್ಲಿ ಇವಳು. ಎರಡು ಲೆಕ್ಕ ತಪ್ಪಾಗಿರುವುದು ನನಗೆ ಕಾಣುತ್ತಲೇ ಇತ್ತು. ನನ್ನ ಕೈ ಹೇಗೆ ತುರಿಸಿತು ಗೊತ್ತಾ? ತಡೆಯಲಾರದೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಶನಿವಾರ ಮೇಡಂ ಆ ಎರಡನ್ನೂ ಕಡ್ಡಿ ಇಟ್ಟು ಮಾಡಿಸಿದರಂತೆ. ಮನೆಗೆ ಬಂದವಳು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದಳು. "ನಿಂಗೂ ಬರಲ್ವಾ? ಪರ್ವಾಗಿಲ್ಲ, ಇನ್ನೊಂದ್ಸಲ ಎಣ್ಸು" ಅಂದಳು ನನಗೆ! ಆ ಮಾತನ್ನು ನಾವಿಬ್ಬರೂ ಅವಳಿಗೆ ಯಾವತ್ತಾದರೂ ಹೇಳಿದ್ದೇವಾ?

ಬೀರಯ್ಯನ ಆಟೋ ಬೇಡ ಅಂತ ಈಗ ಮಾವನೇ ನಡೆದುಕೊಂಡು ಹೋಗಿ ಅವಳನ್ನು ಕರೆತರುತ್ತಿದ್ದಾರೆ. ನಿಮ್ಮ ಮಾತಿನ ಬಗ್ಗೆ ಅವರೆದುರು ಬಾಯಿ ತೆಗೆದರೆ, "ಬುಡವ್ವ, ನನ್ ಮಗ ಏನ್ ಹೊರಗ್ನವ್ನಾ? ಕೂಸು ನನ್ನಂಗೆ ಆಗ್ಬಾರ್ದು ಅಂತ ಅಂದವ್ನೆ" ಅಂತ ನಿಮ್ಮ ಕಡೆಗೇ ವಾದಿಸುತ್ತಾರೆ. ಆದರೆ ಬುಧವಾರದಿಂದ ಅವರು ಮಗಳು ಓದಲು ಕೂತ ಕೋಣೆಯಲ್ಲಿ ಊಟ ಮಾಡುತ್ತಿಲ್ಲ. ಹೊರಗೆ ಜಗಲಿಯಲ್ಲಿ ತಟ್ಟೆ ಇಟ್ಟುಕೊಳ್ಳುತ್ತಾರೆ.

ನಿಮ್ಮ ಭಯ ನನಗೆ ಅರ್ಥವಾಗುವುದಿಲ್ಲ ಅಂತ ತಿಳಿಯಬೇಡಿ. ನಮ್ಮವರು ಒಂದು ಸಲ ಎಡವಿದರೆ ಎರಡನೇ ಸಲ ಯಾರೂ ಕೈ ಕೊಡುವುದಿಲ್ಲ ಅಂತ ನೀವು ಹೇಳುತ್ತಲೇ ಇರುತ್ತೀರಿ. ಸುಳ್ಳಲ್ಲ. ಆ ಭಯದಲ್ಲೇ ಓದಿ ನೀವು ನೌಕರಿ ಹಿಡಿದಿರಿ, ನಿಮ್ಮ ಬಗ್ಗೆ ನನಗೆ ಹೆಮ್ಮೆಯಿದೆ. ಅಷ್ಟು ದೂರದಲ್ಲಿ ಡ್ಯೂಟಿ ಮುಗಿಸಿ, ಅನ್ನಕ್ಕಿಡುವ ಮುಂಚೆ ಮಗಳ ಲೆಕ್ಕ ನೋಡುವ ಅಪ್ಪ ಎಷ್ಟು ಜನಕ್ಕಿದ್ದಾರೆ? ಆದರೆ ನಿಮಗೆ ಪೊರಕೆ ಕೊಟ್ಟವರು ಊರಿನವರು, ನಮ್ಮ ಮಗಳಿಗೆ ಕೊಟ್ಟವರು ನೀವು. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ಸಿಟ್ಟೂ ಬರುತ್ತಿದೆ.

ಇನ್ನು ನನ್ನ ಮಾತು ಕೇಳಿ. ಏಳು ಗಂಟೆಯ ಲೆಕ್ಕದ ಕಾಲ್ ಇನ್ನು ಇಲ್ಲ. ಇದು ಸೇರಿದ ಮೇಲೆ ನನಗೆ ಕಾರ್ಖಾನೆಯ ಊಟದ ಹೊತ್ತಿನಲ್ಲಿ ಫೋನ್ ಮಾಡಿ, ಎತ್ತುತ್ತೇನೆ, ಬೈದರೂ ಬೈಸಿಕೊಳ್ಳುತ್ತೇನೆ. ಇಪ್ಪತ್ತೆರಡಕ್ಕೆ ಬಂದಾಗ ಸ್ಟೇಷನ್ನಿನಲ್ಲಿ ಮಗ್ಗಿ ಕೇಳಬೇಡಿ. ಮನೆಗೆ ಬಂದು ಬ್ಯಾಗ್ ತೆಗೆಯಬೇಡಿ. ಅವಳು ತಾನಾಗಿ ಪುಸ್ತಕ ತಂದು ತೋರಿಸುವ ತನಕ ಕಾಯಿರಿ, ತಿಂಗಳಾದರೂ ಸರಿ. ಒಂದು ಸಂಜೆ ಸುಚಿತ್ರಾ ಮೇಡಂ ಹತ್ತಿರ ಹೋಗಿ ಬನ್ನಿ, ಆ ಕಡ್ಡಿ ಲೆಕ್ಕ ನೀವೂ ಕಲಿಯಿರಿ. ಎಲ್ಲಕ್ಕಿಂತ ಮೊದಲು ಮಾವನ ಹತ್ತಿರ ಕೂತು, ಮಗಳಿಗೆ ಕೇಳುವ ಹಾಗೆ ಮಾತಾಡಿ. ಇಷ್ಟೂ ಆಗುವುದಿಲ್ಲ ಅಂದರೆ ಈಗಲೇ ಹೇಳಿ. ಮಗಳ ಮುಂದೆ ನಿಮಗೆ ಅಡ್ಡ ನಿಲ್ಲುವುದಕ್ಕೆ ನನಗೆ ಇಷ್ಟವಿಲ್ಲ, ನಿಲ್ಲುವ ಹಾಗೆ ಮಾಡಬೇಡಿ.

ಮಾವನೂ ಅತ್ತೆಯೂ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. "ಉಸಾರಾಗಿ ಬಾ ಮಗ, ರೈಲಲ್ಲಿ ಬಾಗಲತ್ರ ನಿಂತ್ಕಬೇಡ" ಅಂತ ಅತ್ತೆ ಬರೆಸಿದರು. ರೈಲಿನಲ್ಲೇ ಕೆಲಸ ಮಾಡುವ ಮಗನಿಗೆ ಈ ಬುದ್ಧಿಮಾತು ನೋಡಿ! ಬುದ್ಧನ ಕರುಣೆ ನಿಮ್ಮ ಮೇಲಿರಲಿ, ನಿಮ್ಮ ನಾಲಿಗೆಯ ಮೇಲೂ ಇರಲಿ.

ಇಂತಿ ನಿಮ್ಮ,
ಯಶೋಧಾ

ತಾ.ಕ.: ಇದನ್ನು ಬರೆಯುವುದೋ ಬೇಡವೋ ಅಂತ ಕವರ್ ಅಂಟಿಸುವ ಮುಂಚೆ ಬಹಳ ಯೋಚಿಸಿದೆ. ನಿನ್ನೆ ಅವಳಿಗೆ ನಿಮ್ಮ ಟ್ರಾನ್ಸ್‌ಫರ್ ಸುದ್ದಿ ಹೇಳಿದೆ. "ಅಪ್ಪ ಇನ್ಮೇಲೆ ಇಲ್ಲೇ, ನಮ್ ಮನೇಲೇ ಇರ್ತಾರೆ ಕಣೇ" ಅಂದೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ತಿನ್ನುತ್ತಿದ್ದ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಪ್ಪ ಮನೇಲೇ ಇದ್ರೆ ಹೆಂಗಮ್ಮ ಆಫ್ ಮಾಡೋದು?"