ಕೊಂಬೆಗೆ ಹತ್ತಿರದ ತುದಿಯಿಂದ

ಕೆರೆಬಿಳಚಿ
ಮಾರ್ಚ್ ೧೫, ಭಾನುವಾರ

ಪ್ರೀತಿಯ ಪುಷ್ಪಕ್ಕಾ,

ಬೆಳಿಗ್ಗೆ ಉಸ್ಲಿಗೆಂದು ಅಮ್ಮ ನೆನೆಸಿಟ್ಟ ಕಡಲೆಯನ್ನು ಬಸಿಯುವಾಗ ಒಂದೇ ಒಂದು ಕಾಳು ಮೊಳಕೆಯೊಡೆದಿದ್ದು ಕಂಡಿತು. ನಿನ್ನ ನೆನಪಾಯಿತು. ಹೇಗಿದ್ದೀಯಾ? ಸೊಂಟದ ನೋವು ಇಳಿಯಿತೇ? ಪಾಪುವಿನ ಕೆಮ್ಮು? ಜಗಳೂರಿನಲ್ಲಿ ಬಿಸಿಲು ಈಗಲೇ ಜೋರಿರಬೇಕು. ಬಾಣಂತನದಲ್ಲಿ ಬರೆಯದೆ ಉಳಿದ ನಿನ್ನ ಬಿಎಸ್ಸಿ ಕೆಮಿಸ್ಟ್ರಿ ಪೇಪರಿನ ಮಾತನ್ನು ಫೋನಿನಲ್ಲಿ ಎತ್ತಿದರೆ "ಎಲ್ಲಾ ಮರ್ತೀನಿ, ಬಿಡೇ" ಎಂದು ಬಾಯಿ ಮುಚ್ಚಿಸುತ್ತೀ. ಅದಕ್ಕೇ ಈ ಪತ್ರ. ಈ ಜೂನ್ ತಪ್ಪಿದರೆ ಮತ್ತೆ ಅವಕಾಶವಿಲ್ಲವಂತೆ.

ಎಸ್ಸೆಸ್ಸೆಲ್ಸಿಯಲ್ಲಿ ಹೈಡ್ರೋಕಾರ್ಬನ್ ಪಾಠಕ್ಕೆ ಹೆದರಿ ಅತ್ತಿದ್ದೆನಲ್ಲ, ಆಗ ನೀನು ಇಂಥದೇ ನೆನೆದ ಕಾಳಿಗೆ ಪೊರಕೆಕಡ್ಡಿ ಚುಚ್ಚಿ ಕೂತಿದ್ದೆ. ಕಡಲೆ ಕಾರ್ಬನ್, ಹೆಸರುಕಾಳು ಹೈಡ್ರೋಜನ್. "ಕಾರ್ಬನ್ನಿಗೆ ನಾಲ್ಕು ಕೈ, ಹೈಡ್ರೋಜನ್ನಿಗೆ ಒಂದೇ. ಯಾರ ಕೈನೂ ಖಾಲಿ ಇರಬಾರ್ದು ಕಣೇ." ಒಂದು ಕಡಲೆಯಾದರೆ ಮೀಥೇನ್, ಎರಡಕ್ಕೆ ಈಥೇನ್, ಮೂರಕ್ಕೆ ಪ್ರೊಪೇನ್, ನಾಲ್ಕಕ್ಕೆ ಬ್ಯುಟೇನ್. ಎರಡು ಕಡಲೆಗಳ ನಡುವೆ ಒಂದು ಕಡ್ಡಿ ಹೆಚ್ಚಿದರೆ ಈಥೇನ್ ಈಥೀನ್ ಆಗುತ್ತಿತ್ತು, ಮತ್ತೊಂದು ಹೆಚ್ಚಿದರೆ ಈಥೈನ್. ಕೊನೆಗೆ ಅಮ್ಮ, "ಉಸ್ಲಿ ಮಾಡಾಕೆ ನೆನೆಸಿದ್ರೆ ಮುಳ್ಳುಹಂದಿ ಮಾಡಿ ಕುಂತೀರಲ್ರೇ!" ಎಂದು ಎಲ್ಲವನ್ನೂ ಒಗ್ಗರಣೆಗೆ ಹಾಕಿಬಿಟ್ಟಳು. ಹಲ್ಲಿಗೆ ಕಡ್ಡಿಚೂರು ಸಿಕ್ಕಾಗಲೆಲ್ಲ ನಾವಿಬ್ಬರೂ ನಕ್ಕಿದ್ದೆವು.

ಚನ್ನಗಿರಿಯ ಟ್ಯೂಷನ್ನಿನಲ್ಲಿ ನಾನು ಕನ್ನಡ ಹೇಳಿಕೊಡುತ್ತಿರುವುದು ನಿನಗೆ ಗೊತ್ತು. ವಿಜ್ಞಾನದ ಟೀಚರ್ ಬಿಟ್ಟುಹೋದರೆಂದು ಮೊನ್ನೆ ಅದನ್ನು ನಡೆಸುವ ಸಿದ್ದೇಶ್ ಮೇಷ್ಟ್ರು ನನ್ನ ಕೈಗೇ ಚಾಕ್‌ಪೀಸ್ ಕೊಟ್ಟರು. ನಾಲ್ಕು ಕಾರ್ಬನ್ನಿನ ಸರಪಳಿ ಬರೆದು, ಬಲಗಡೆಯಿಂದ ಎರಡನೆಯದಕ್ಕೆ ಒಂದೇ ಕಾರ್ಬನ್ನಿನ ಕೊಂಬೆ, ಅಂದರೆ ಮೀಥೈಲ್, ಇಟ್ಟೆ. ಕನ್ನಡ ಓದಿದ ಅಭ್ಯಾಸ ನೋಡು, ಎಡದಿಂದ ಎಣಿಸಿ ೩-ಮೀಥೈಲ್ ಬ್ಯುಟೇನ್ ಎಂದು ಬರೆದೆ. ಸುಧಾ ಎನ್ನುವ ಹುಡುಗಿ ಮೆಲ್ಲಗೆ, "ಮಿಸ್, ಗೈಡ್‌ನಾಗೆ ಎರಡು ಅಂತ ಐತ್ರೀ" ಎಂದಳು. ಹೊರಗೆ ಬಂದು ನಿನಗೆ ಫೋನ್ ಮಾಡಿದೆ. ನೀನು ರೊಟ್ಟಿ ತಟ್ಟುತ್ತಿದ್ದೆ. "ಪೆದ್ದಿ, ಅದೇನು ಪದ್ಯವೇನೇ ಎಡದಿಂದ ಓದಾಕೆ? ಕೊಂಬೆ ಯಾವ ತುದಿಗೆ ಹತ್ರ ಐತೋ ಅಲ್ಲಿಂದ ಎಣಿಸು" ಎಂದೆ. ತಟ್ಟುವ ಸದ್ದು ಒಂದು ಗಳಿಗೆಯೂ ನಿಲ್ಲಲಿಲ್ಲ. ಅಕ್ಕಾ, ಮರೆತವರು ಹಾಗೆ ಹೇಳುವುದಿಲ್ಲ.

ಭಾವನವರಿಗೂ ಅತ್ತೆಯವರಿಗೂ ನಮಸ್ಕಾರ ತಿಳಿಸು. ಪಾಪುವಿನ ಎರಡೂ ಕೆನ್ನೆಗೆ ಮುತ್ತು.

ನಿನ್ನ,
ಅಂಬಿಕಾ

ಮರೆತಿದ್ದೆ: ನಿನ್ನ ಅತ್ತೆ ಹನುಮಂತಮ್ಮನವರಿಗೆ ನಾನೇ ಫೋನ್ ಮಾಡಿದ್ದೆ. ಮೂರು ಸಲ ನಂಬರ್ ಒತ್ತಿ ಕಟ್ ಮಾಡಿ, ನಾಲ್ಕನೇ ಸಲ ಮಾತಾಡಿದೆ. "ಬರೀಲಿ ಬಿಡವ್ವ, ರೊಟ್ಟಿ ನಾನು ತಟ್ತೀನಿ. ಮಗೀನ ಹಿಡಿಯೋರು ಯಾರು ಅಂತಿದ್ದೆ" ಎಂದರು. ಟ್ಯೂಷನ್ನಿಗೆ ರಜೆ ಹೇಳಿದ್ದೇನೆ. ಮೇ ಕೊನೆಗೆ ಬಟ್ಟೆ ತುಂಬಿಕೊಂಡು ಬರುತ್ತೇನೆ, ನಿನ್ನ ಪರೀಕ್ಷೆ ಮುಗಿಯುವವರೆಗೆ ಪಾಪು ನನ್ನದು.