ಎರಡು ಕಲ್ಲು

ಎಲಿಫಾಸ್ ಅಣ್ಣ,

ಇವತ್ತು ನಿನ್ನ ಸೈಕಲ್ ತುಳಿದುಕೊಂಡು ಖೊರಿಕ್ಸಾಸ್‌ನಿಂದ ಒಬ್ಬಳೇ ಗುಡ್ಡ ದಾಟಿ ಬಂದೆ. ನಿನ್ನ ಹಿಂದೆ ಕ್ಯಾರಿಯರ್ ಮೇಲೆ ಕೂತು ಬರುವಾಗ ಈ ಜಲ್ಲಿ ದಾರಿ ಇಷ್ಟು ಕಡಿದು ಅನ್ನಿಸಿರಲಿಲ್ಲ. ಮರಳು ಸಿಕ್ಕಲ್ಲೆಲ್ಲ ಇಳಿದು ತಳ್ಳಿದೆ. ಏರು ಶುರುವಾಗುವಲ್ಲಿ, ಸುಖವಾಗಿ ಊರು ಸೇರಲೆಂದು ದಾರಿಹೋಕರೆಲ್ಲ ನಮ್ಮ ಮೂಲಪುರುಷ ಹೈತ್ಸಿ-ಐಬಿಬ್ ಹೆಸರಲ್ಲಿ ಒಟ್ಟುವ ಕಲ್ಲಿನ ಗುಡ್ಡೆಗೆ ಹಾಕಲು ಕಲ್ಲು ಆರಿಸಿಕೊಂಡೆ. ಒಂದಲ್ಲ, ಎರಡು.

ನೆತ್ತಿಗೆ ಬಂದು ನೋಡಿದರೆ ಗುಡ್ಡೆಯೇ ಇಲ್ಲ. ರಸ್ತೆ ಸಮ ಮಾಡುವ ಯಂತ್ರದ ನೆರಳಲ್ಲಿ ಫೆಸ್ಟಸ್ ಮಾಮ ಚಹಾ ಕುಡಿಯುತ್ತಿದ್ದ.

"ಮಾಮ, ಇಲ್ಲಿದ್ದ ಕಲ್ಲಿನ ಗುಡ್ಡೆ ಎಲ್ಲಿ?"

"ಮಳೇಲಿ ದಾರಿ ಕೊಚ್ಚಿ ಹೋಗಿತ್ತಲ್ಲ, ಆ ಗುಂಡಿಗೆ ತುಂಬಿದ್ವಿ ಕಣಮ್ಮ. ಈಗ ಅದರ ಮೇಲೇ ಬಂದ್ಯಲ್ಲ, ಕುಲುಕ್ತಾ?"

"ಇಲ್ಲ."

"ಮತ್ತೆ? ದಾರೀಲಿ ಹೋಗೋರು ಹಾಕಿದ ಕಲ್ಲು, ದಾರಿಗೇ ಆಯ್ತು ಬಿಡು."

ಅವನನ್ನು ಬೈಯಬೇಕಿತ್ತೋ, ಹೌದು ಅನ್ನಬೇಕಿತ್ತೋ ತಿಳಿಯಲಿಲ್ಲ.

ಮೀನಿನ ಹಡಗಿನ ಕೆಲಸಕ್ಕೆ ಹೊರಟ ದಿನ, ಇದೇ ನೆತ್ತಿಯಲ್ಲಿ ನೀನು, "ಸೈಕಲ್ ಹಿಡ್ಕೊಂಡಿದೀನಿ, ನಂದೂ ಒಂದು ಹಾಕ್ಬಿಡೇ" ಅಂದಿದ್ದೆ. ನಮ್ಮನ್ನು ಬಿಟ್ಟು ಹೊರಟೆಯಲ್ಲ ಎಂದು ನನಗೆ ಸಿಟ್ಟು. "ಹಾಕಿದೆ" ಅಂದೆ. ಹಾಕಿದ್ದು ನನ್ನದೊಂದೇ. ಹಡಗು ಮುಳುಗಿದ ಸುದ್ದಿ ಬಂದ ಮೇಲೂ ಇದನ್ನು ಅಮ್ಮನಿಗೆ ಹೇಳಿಲ್ಲ.

ಎಲ್ಲಿ ಇಡುವುದೆಂದು ತೋಚದೆ, ಎರಡನ್ನೂ ಜೇಬಿನಲ್ಲಿ ಹಾಕಿಕೊಂಡು ಗುಡ್ಡ ಇಳಿದೆ. ಈಗ ಮೇಜಿನ ಮೇಲಿವೆ. ನಿನಗೆಂದು ಆರಿಸಿದ್ದು ಯಾವುದೋ, ನೆನಪಾಗುತ್ತಿಲ್ಲ.