ಹೊನ್ನಿಯ ಪಾಲಿನ ಮಾತ್ರೆ

೭-೨-೧೯೬೩, ಗುರುವಾರ. ಹೊನ್ನಾವರ.

ಕರ್ಕಿಯ ಹೊನ್ನಿ ಇಂದು ಕೋಲೂರಿ, ಓಲಾಡುತ್ತ ಬಂದಳು. ಆರು ಹೆತ್ತು ಮೂಳೆ ಮೆತ್ತಗಾದವಳು. ನನ್ನ ಪ್ರಯೋಗದಲ್ಲಿ ಅರ್ಧ ಹೆಂಗಸರಿಗೆ ಕ್ಯಾಲ್ಸಿಯಂ ಮಾತ್ರೆ, ಉಳಿದವರಿಗೆ ನೋಡಲು ಅಂಥದೇ ಆದ ಹಿಟ್ಟಿನ ಮಾತ್ರೆ. ಚೀಟಿ ಎತ್ತಿದಾಗ ಹೊನ್ನಿಗೆ ಬಂದದ್ದು ಹಿಟ್ಟು. ಅವಳಿಗದು ಗೊತ್ತಿಲ್ಲ.

"ಒಂದಿನವೂ ತಪ್ಪಿಸ್ಲಿಲ್ಲ ಒಡೆಯಾ. ನೋವು ಕಡ್ಮೆ ಆತು," ಎಂದು ಬಸಳೆ ಕಟ್ಟು ಮುಂದಿಟ್ಟಳು. ಎಕ್ಸ್‌ರೇಯಲ್ಲಿ ಸೊಂಟದ ಎಲುಬು ಇನ್ನಷ್ಟು ಬಾಗಿದೆ. ಪ್ರಯೋಗ ಮುಗಿಯುವ ತನಕ ಬಾಯಿಬಿಡಬಾರದೆಂದು ನಿಯಮ ಮಾಡಿದವನು ನಾನೇ.

"ಮಗಳು ಸುಕ್ರಿ ಬಸ್ರಿ. ಅವ್ಳಿಗೂ ಇದ್ನೇ ಕೊಡಿ," ಎಂದಳು. ಸುಕ್ರಿ ನನ್ನ ಪಟ್ಟಿಯಲ್ಲಿಲ್ಲ. ಅವಳಿಗೆಂದು ಅಸಲಿ ಮಾತ್ರೆ ಕೊಟ್ಟೆ. ಹೊನ್ನಿಗೆ ಎಂದಿನದೇ. ಎರಡೂ ಪೊಟ್ಟಣ ಸೇರಿಸಿ ಗಂಟು ಕಟ್ಟಿಕೊಂಡು ಹೋದಳು.

ಮನೆಯಲ್ಲಿ ಅವು ಅದಲುಬದಲಾಗಲಿ ಎಂದು ಆಗಿನಿಂದ ಬೇಡಿಕೊಳ್ಳುತ್ತಿದ್ದೇನೆ. ಆದರೆ ಆಗ ಬಸುರಿ ಸುಕ್ರಿಗೆ...